ಟ್ಯಾಲಿ ಸಂಸ್ಥೆಯೂ ಅಂಗಡಿಯ ಲೆಕ್ಕವೂ



ಲೇಕ್ ಮಾರ್ಕೆಟ್ಟಿಗೆ ಹೋಗದ ಕನ್ನಡಿಗರು ಕೋಲ್ಕತ್ತ ನಗರದಲ್ಲಿ ವಿರಳ. ರಾಸಬಿಹಾರಿ ಅವೆನ್ಯೂವಿನ ಬದಿಯ ಈ ಪೇಟೆಯಲ್ಲಿ ಬಾಳೆಯೆಲೆ, ಕರಿಬೇವು, ಮಲ್ಲಿಗೆಯ ಮಾಲೆ, ಹಪ್ಪಳ, ಉಪ್ಪಿನಕಾಯಿ, ಹುರಿದು ಪುಡಿಮಾಡಿದ ಕಾಫಿ ಮೊದಲಾಗಿ ದಕ್ಷಿಣದವರ ಮನೆಗೆ ಬೇಕಾದುದೆಲ್ಲವೂ ದೊರೆಯುತ್ತದೆ. ತಾಯಂದಿರೊಡನೆ ಚೀಲ ಹಿಡಿದು ಹೋಗುವ ನೀವು ಸಾಮಾನನ್ನು ನೋಡುತ್ತೀರಿ, ತಕ್ಕಡಿಯ ಮುಳ್ಳನ್ನು ನೋಡುತ್ತೀರಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗಣಕಯಂತ್ರದ ಮುಂದೆ ಕುಳಿತು ಲೆಕ್ಕ ಬರೆಯುವ ಗುಮಾಸ್ತನನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಈ ಪಾಠವು ಅವನ ಕೆಲಸವನ್ನು ಕುರಿತದ್ದು.

ಹೂವು ಮಾರುವವರೂ ಎಲೆ ಮಾರುವವರೂ ಇಂದಿಗೂ ಲೆಕ್ಕವನ್ನು ಬಾಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ಅವರಿಗೆ ಯಂತ್ರ ಬೇಕಿಲ್ಲ. ಸ್ವಲ್ಪ ದೊಡ್ಡ ಅಂಗಡಿಯ ಗುಮಾಸ್ತನ ಯಂತ್ರದಲ್ಲಿ ಮಾತ್ರ ಬಹುಶಃ ಟ್ಯಾಲಿ ಎಂಬ ಹೆಸರು ಕಾಣಿಸೀತು. ಅದು ಲೆಕ್ಕ ಬರೆಯುವ ಒಂದು ತಂತ್ರಾಂಶ. ಬಂಗಾಳದಲ್ಲಿ ಬಂಗಾಳಿ ವರ್ತಕನೂ ಮಾರವಾಡಿ ವರ್ತಕನೂ ತಮಿಳು ವರ್ತಕನೂ ಬಳಸುವ ಈ ತಂತ್ರಾಂಶವು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕೆಂದು ನಮಗೆ ಅನಿಸುವುದಕ್ಕೆ ಒಂದು ಕಾರಣವುಂಟು. ಹತ್ತನೆಯ ತರಗತಿ ಮುಗಿಸಿದ ಮೇಲೆ ವಾಣಿಜ್ಯಶಾಸ್ತ್ರಕ್ಕೆ ಸೇರಲು ಹಿಂಜರಿಯುವ ಮಕ್ಕಳನ್ನು ನಾವು ಪ್ರತಿ ವರ್ಷವೂ ಕಾಣುತ್ತಿದ್ದೇವೆ. ಗಣಕವೆಂದರೆ ಇಂಗ್ಲಿಷು, ಲೆಕ್ಕಪತ್ರವೆಂದರೂ ಇಂಗ್ಲಿಷು, ಕನ್ನಡದಲ್ಲಿ ಓದಿದವರಿಗೆ ಆ ಬಾಗಿಲು ತೆರೆಯುವುದಿಲ್ಲ ಎಂಬುದು ಅವರ ಅಳುಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ ದೂರದ ಊರಿಗೆ ಬಂದು ಜೀವನ ಕಟ್ಟಿಕೊಂಡವರು ನಾವೂ ಆದುದರಿಂದ ಆ ಅಳುಕು ಎಂತಹುದೆಂದು ಬಲ್ಲೆವು. ಅದನ್ನು ಬರಿಯ ಧೈರ್ಯದ ಮಾತುಗಳಿಂದ ಕಳೆಯಲಾಗದು. ಲೆಕ್ಕದ ಒಳಗೆ ಇಳಿದೇ ನೋಡಬೇಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡ ನಾಡಿನ ವರ್ತಕರಿಗೆ ಲೆಕ್ಕ ಬರೆಯುವುದು ಹೊಸ ವಿದ್ಯೆಯಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಿಳಿಯ ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಇದಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತವಾದವು. ಈಗ ಕಚೇರಿಗಳಲ್ಲಿ ಕಾಗದದ ಕಟ್ಟಿಗೆ ನಾವು ಕಡತವೆನ್ನುವುದು ಆ ಕಪ್ಪು ಬಟ್ಟೆಯ ನೆನಪೇ ಸರಿ. ಇನ್ನು ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವಂತೂ ಸಮುದ್ರವನ್ನೇ ದಾಟಿತ್ತು. ಆ ಐನೂರ್ವರನ್ನು ಹೆಸರಿಸುವ ೧೦೮೮ನೆಯ ಇಸವಿಯ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸ್ ಎಂಬಲ್ಲಿ ದೊರೆತಿದೆ. ಅಷ್ಟು ದೂರದ ವ್ಯಾಪಾರವನ್ನು ನಡೆಸಿದವರು ಲೆಕ್ಕವಿಲ್ಲದೆ ನಡೆಸಿರಲಾರರು.

ಇಲ್ಲಿಯ ವರ್ತಕರಾದರೋ ಬಂಗಾಳಿ ಹೊಸ ವರ್ಷದ ದಿನ ಹಾಲ್‌ಖಾತಾ ಎಂಬ ಆಚರಣೆಯಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಹೊಸ ಖಾತೆಪುಸ್ತಕವನ್ನು ಲಕ್ಷ್ಮೀಗಣೇಶರ ಮುಂದಿಟ್ಟು ಪೂಜಿಸುತ್ತಾರೆ. ಗಿರಾಕಿಗಳು ಹಳೆಯ ಬಾಕಿಯನ್ನು ತೀರಿಸಿ ಸಿಹಿ ತಿಂದು ಹೋಗುತ್ತಾರೆ. ಖಾತಾ ಎಂಬ ಬಂಗಾಳಿ ಮಾತೂ ನಮ್ಮ ಖಾತೆಯೂ ಒಂದೇ ಎಂಬುದನ್ನು ನೀವು ಈಗಾಗಲೇ ಗುರುತಿಸಿರಬೇಕು.

ಇಂಗ್ಲಿಷಿನ ಟ್ಯಾಲಿ ಎಂಬ ಪದವಾದರೋ ಕಡ್ಡಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹಿಂದೆ ಇಂಗ್ಲೆಂಡಿನ ಖಜಾನೆಯಲ್ಲಿ ಒಂದು ಕೋಲಿನ ಮೇಲೆ ಹಣದ ಮೊತ್ತಕ್ಕೆ ತಕ್ಕಂತೆ ಗೀರುಗಳನ್ನು ಕೊರೆದು, ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೆ ಒಂದು ಸೀಳು, ತೆಗೆದುಕೊಂಡವನಿಗೆ ಒಂದು ಸೀಳು ಹಂಚುತ್ತಿದ್ದರು. ಲೆಕ್ಕ ತೀರಿಸುವ ದಿನ ಎರಡನ್ನೂ ಜೋಡಿಸಿದರೆ ಗೀರುಗಳು ಸರಿಯಾಗಿ ಕೂಡಬೇಕು. ಬಳಕೆ ತಪ್ಪಿದ ಈ ಕೋಲುಗಳನ್ನು ೧೮೩೪ರಲ್ಲಿ ಒಲೆಗೆ ಹಾಕಿ ಸುಡಲು ಹೋಗಿ ಲಂಡನ್ನಿನ ಪಾರ್ಲಿಮೆಂಟಿನ ಕಟ್ಟಡವೇ ಬೆಂಕಿಗೆ ಆಹುತಿಯಾಯಿತು! ನಮ್ಮಲ್ಲಿಯೂ ಎರಡು ಲೆಕ್ಕಗಳನ್ನು ಹೋಲಿಸಿ ನೋಡುವುದಕ್ಕೆ ತಾಳೆ ನೋಡುವುದೆಂದೇ ಹೇಳುತ್ತೇವೆ. ಟ್ಯಾಲಿ, ತಾಳೆ ಎಂಬ ಎರಡು ಮಾತುಗಳು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಒಂದನ್ನೊಂದು ಹೋಲುವುದು ವಿನೋದದ ಸಂಗತಿ.

ಕೋಲಿನ ಎರಡು ಸೀಳುಗಳಲ್ಲಿ ಅಡಗಿದ್ದ ತತ್ತ್ವವೇ ಜೋಡಿ ನಮೂದಿನ ಲೆಕ್ಕಪದ್ಧತಿಯಲ್ಲಿಯೂ ಇದೆ. ಪ್ರತಿಯೊಂದು ವ್ಯವಹಾರದಲ್ಲಿಯೂ ಕೊಡುವ ಪಕ್ಷವೊಂದು, ಪಡೆಯುವ ಪಕ್ಷವೊಂದು ಇರುವುದು. ಆದಕಾರಣ ಪ್ರತಿಯೊಂದು ಮೊತ್ತವನ್ನೂ ಎರಡು ಖಾತೆಗಳಲ್ಲಿ, ಒಂದರಲ್ಲಿ ಖರ್ಚಿನ ಬದಿಗೆ, ಇನ್ನೊಂದರಲ್ಲಿ ಜಮೆಯ ಬದಿಗೆ ಬರೆಯಬೇಕು. ಇಟಲಿಯ ಲೂಕಾ ಪಾಚೋಲಿ ಎಂಬ ಗಣಿತಜ್ಞನು ೧೪೯೪ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಪದ್ಧತಿಯನ್ನು ವಿವರಿಸಿದನು. ಎಲ್ಲ ಖಾತೆಗಳ ಖರ್ಚಿನ ಬದಿಯ ಮೊತ್ತವೂ ಜಮೆಯ ಬದಿಯ ಮೊತ್ತವೂ ಸಮವಾಗಿದ್ದರೆ ಲೆಕ್ಕ ಕೂಡಿತೆಂದು ಅರ್ಥ. ಹೀಗೆ ಪರೀಕ್ಷಿಸುವ ಪಟ್ಟಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ತಾಳೆ ಪಟ್ಟಿಯೆಂದೇ ಹೆಸರು.

ಈಗ ಗಣಕದ ಮಾತಿಗೆ ಬರೋಣ. ಭಾರತಕ್ಕೆ ಮೊದಲ ವಿದ್ಯುನ್ಮಾನ ಗಣಕಯಂತ್ರವು ಬಂದದ್ದು ಈ ನಗರಕ್ಕೇ ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಪ್ರಶಾಂತಚಂದ್ರ ಮಹಾಲನೋಬಿಸರು ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ೧೯೫೫ರಲ್ಲಿ ಅದನ್ನು ಸ್ಥಾಪಿಸಲಾಯಿತು. ಅಂದಿನ ಯಂತ್ರಗಳು ವಿಜ್ಞಾನಿಗಳಿಗೂ ಸರಕಾರಕ್ಕೂ ಮಾತ್ರ ಎಟಕುವಂತಹವು. ಮೇಜಿನ ಮೇಲೆ ಕೂಡುವ ಸಣ್ಣ ಗಣಕವು ವರ್ತಕರ ಕೈಗೆ ಬಂದುದು ೧೯೮೦ರ ದಶಕದಲ್ಲಿ. ಆದರೆ ಯಂತ್ರ ಬಂದ ಮಾತ್ರಕ್ಕೆ ಲೆಕ್ಕ ಬರೆದಂತಾಗಲಿಲ್ಲ.

ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಎಂಬ ವರ್ತಕರಿದ್ದರು. ದಕ್ಷಿಣ ಮತ್ತು ಪೂರ್ವ ಭಾರತದ ಕಾರ್ಖಾನೆಗಳಿಗೂ ಬಟ್ಟೆಯ ಗಿರಣಿಗಳಿಗೂ ಕಚ್ಚಾ ಮಾಲನ್ನೂ ಯಂತ್ರದ ಬಿಡಿಭಾಗಗಳನ್ನೂ ಒದಗಿಸುವುದು ಅವರ ವ್ಯಾಪಾರ. ಗಿರಾಕಿಗಳು ಹಲವು ಪ್ರಾಂತಗಳಲ್ಲಿ ಹರಡಿದ್ದುದರಿಂದ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಹಿಡಿದಿಡುವುದು ಸುಲಭವಾಗಿರಲಿಲ್ಲ. ಮಾರುಕಟ್ಟೆಯಲ್ಲಿದ್ದ ಲೆಕ್ಕದ ತಂತ್ರಾಂಶಗಳಲ್ಲಿ ಯಾವುದೂ ಅವರಿಗೆ ಒಗ್ಗಲಿಲ್ಲ. ಗಣಿತದ ಪದವೀಧರನಾದ ಮಗ ಭರತ ಗೋಯೆಂಕಾರಿಗೆ ತಮ್ಮ ವ್ಯಾಪಾರಕ್ಕೆ ಹೊಂದುವಂತಹ ತಂತ್ರಾಂಶವೊಂದನ್ನು ಬರೆದುಕೊಡುವಂತೆ ಅವರು ಹೇಳಿದರು. ಹೀಗೆ ೧೯೮೬ರಲ್ಲಿ ತಂದೆ ಮಗ ಇಬ್ಬರೂ ಸೇರಿ ಸಂಸ್ಥೆಯನ್ನು ಆರಂಭಿಸಿದರು. ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್ ಎಂಬುದು ಅವರ ಮೊದಲ ತಂತ್ರಾಂಶದ ಹೆಸರು. ಉಚ್ಚರಿಸಲು ತೊಡಕಾದ ಹೆಸರೇ ಸರಿ! ಸಂಸ್ಥೆಯು ಟ್ಯಾಲಿ ಸೊಲ್ಯೂಷನ್ಸ್ ಎಂದು ಹೆಸರು ಬದಲಿಸಿಕೊಂಡದ್ದು ೧೯೯೯ರಲ್ಲಿ.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಕೇಳಿದವರು ವರ್ತಕರು; ಬರೆದವರು ಗಣಿತ ಬಲ್ಲವರು. ವ್ಯಾಪಾರದ ತೊಡಕನ್ನು ಮನೆಯಲ್ಲಿಯೇ ಕಂಡವನು ಅದಕ್ಕೆ ಪರಿಹಾರ ಹುಡುಕಿದುದರಿಂದ ಕೆಲಸ ಕೂಡಿ ಬಂದಿತು. ಅಮೆರಿಕದ ಸ್ಕಾಟ್ ಕುಕ್ ಎಂಬವರೂ ಮನೆಯ ಬಿಲ್ಲುಗಳ ಲೆಕ್ಕದಿಂದ ಪತ್ನಿ ಬೇಸತ್ತುದನ್ನು ಕಂಡು ತಂತ್ರಾಂಶದ ಯೋಚನೆ ಮಾಡಿ, ೧೯೮೩ರಲ್ಲಿ ಇಂಟ್ಯೂಟ್ ಎಂಬ ಸಂಸ್ಥೆಯನ್ನು ಕಟ್ಟಿದರೆಂದು ಹೇಳುತ್ತಾರೆ. ಜರ್ಮನಿಯ ಎಸ್.ಎ.ಪಿ. ಎಂಬ ಇನ್ನೊಂದು ಪ್ರಸಿದ್ಧ ಸಂಸ್ಥೆಯು ೧೯೭೨ರಲ್ಲಿ ಐವರು ಎಂಜಿನಿಯರುಗಳಿಂದ ಆರಂಭವಾಗಿ ದೊಡ್ಡ ದೊಡ್ಡ ಕಾರ್ಖಾನೆಗಳ ಲೆಕ್ಕವನ್ನು ವಹಿಸಿಕೊಂಡಿತು. ಟ್ಯಾಲಿಯ ದಾರಿ ಬೇರೆ. ಅದು ಸಣ್ಣ ಮತ್ತು ಮಧ್ಯಮ ವರ್ತಕರ ಕಡೆಗೆ ತಿರುಗಿತು.

ಆ ಕಾಲದ ಲೆಕ್ಕದ ತಂತ್ರಾಂಶಗಳು ಪ್ರತಿಯೊಂದು ಖಾತೆಗೂ ಒಂದು ಸಂಕೇತ ಸಂಖ್ಯೆಯನ್ನು ಕೇಳುತ್ತಿದ್ದವು. ನಗದಿನ ಖಾತೆಗೆ ಒಂದು ಸಂಖ್ಯೆ, ಬಾಡಿಗೆಗೆ ಒಂದು, ರಾಮಯ್ಯನವರಿಗೆ ಒಂದು, ಅಬ್ದುಲ್ ಸಾಹೇಬರಿಗೆ ಮತ್ತೊಂದು! ಗುಮಾಸ್ತನು ಈ ಸಂಖ್ಯೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಕೂಡಬೇಕು. ಒಂದು ಅಂಕಿ ತಪ್ಪಿದರೆ ಬಾಡಿಗೆಯ ಹಣವು ರಾಮಯ್ಯನವರ ತಲೆಗೆ ಬೀಳಬೇಕು. ಯಂತ್ರಕ್ಕೆ ಸಂಖ್ಯೆಯೇ ಅನುಕೂಲವಾದುದರಿಂದ ಮನುಷ್ಯನು ಯಂತ್ರದ ಭಾಷೆಯನ್ನು ಕಲಿಯಬೇಕೆಂದು ತಂತ್ರಾಂಶ ಬರೆದವರು ತಿಳಿದಿದ್ದರು. ಟ್ಯಾಲಿಯು ಈ ಸಂಕೇತಗಳನ್ನು ತೆಗೆದುಹಾಕಿತು. ನೂರಾರು ವರ್ಷಗಳಿಂದ ವರ್ತಕನು ಖಾತೆಪುಸ್ತಕದಲ್ಲಿ ಬರೆಯುತ್ತ ಬಂದಂತೆಯೇ ಇಲ್ಲಿಯೂ ಖಾತೆಯನ್ನು ಹೆಸರಿನಿಂದಲೇ ಕರೆಯಬಹುದು. ರಾಮಯ್ಯನೆಂದು ಬರೆದರೆ ಸಾಕು, ಯಂತ್ರವು ತನಗೆ ಬೇಕಾದ ಸಂಖ್ಯೆಯನ್ನು ತಾನೇ ಇಟ್ಟುಕೊಳ್ಳುವುದು. ನೋಡಲು ಅಲ್ಪವೆನಿಸುವ ಈ ಬದಲಾವಣೆಯೇ ಟ್ಯಾಲಿಯ ಏಳಿಗೆಗೆ ತಳಹದಿಯೆಂದು ನಮ್ಮ ಅಭಿಪ್ರಾಯ. ಸಂಸ್ಥೆಯ ನಾಯಕತ್ವವೆಂದರೆ ದೊಡ್ಡ ಕೊಠಡಿಯಲ್ಲಿ ಕುಳಿತು ಆಜ್ಞೆ ಮಾಡುವುದೆಂದು ಭಾವಿಸುವವರು ಈ ಸಂಗತಿಯನ್ನು ಯೋಚಿಸಬೇಕು. ಯಂತ್ರಕ್ಕಾಗಿ ಮನುಷ್ಯನು ಬದಲಾಗಬೇಕೋ ಮನುಷ್ಯನಿಗಾಗಿ ಯಂತ್ರವು ಬದಲಾಗಬೇಕೋ ಎಂಬ ಪ್ರಶ್ನೆಗೆ ಭರತ ಗೋಯೆಂಕಾರು ಕೊಟ್ಟ ಉತ್ತರ ಅದು.

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಲೇಕ್ ಮಾರ್ಕೆಟ್ಟಿನ ಒಬ್ಬ ವರ್ತಕನು ಚಿಕ್ಕಮಗಳೂರಿನ ಒಬ್ಬ ವ್ಯಾಪಾರಿಯಿಂದ ಕಿಲೋ ಒಂದಕ್ಕೆ ೫೦೦ ರೂಪಾಯಿಯಂತೆ ೪೦ ಕಿಲೋ ಕಾಫಿಪುಡಿಯನ್ನು ತರಿಸಿದನೆಂದು ಇಟ್ಟುಕೊಳ್ಳಿರಿ. ಬೆಲೆ ೨೦,೦೦೦ ರೂಪಾಯಿ. ಹುರಿದ ಕಾಫಿಗೆ ಸರಕು ಮತ್ತು ಸೇವಾ ತೆರಿಗೆ ನೂರಕ್ಕೆ ೫ರಂತೆ ೧,೦೦೦ ರೂಪಾಯಿ. ಸರಕು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದುದರಿಂದ ಇದು ಸಮಗ್ರ ತೆರಿಗೆ ಎನಿಸಿಕೊಳ್ಳುತ್ತದೆ. ಗುಮಾಸ್ತನು ಕಾಫಿ ಖರೀದಿಯ ಖಾತೆಗೆ ೨೦,೦೦೦, ತೆರಿಗೆಯ ಖಾತೆಗೆ ೧,೦೦೦ ಎಂದು ಖರ್ಚು ಬರೆದು, ಚಿಕ್ಕಮಗಳೂರಿನ ವ್ಯಾಪಾರಿಯ ಹೆಸರಿಗೆ ೨೧,೦೦೦ ಜಮೆ ಬರೆಯುತ್ತಾನೆ. ಎರಡು ಬದಿಗಳೂ ಸರಿ ಕೂಡಿದವು. ಮುಂದೆ ಅದೇ ಕಾಫಿಯನ್ನು ವರ್ತಕನು ಕೋಲ್ಕತ್ತದಲ್ಲಿಯೇ ಕಿಲೋಗೆ ೬೦೦ ರೂಪಾಯಿಯಂತೆ ಮಾರಿದರೆ ೨೪,೦೦೦ ರೂಪಾಯಿ ಆಯಿತು. ತೆರಿಗೆ ೧,೨೦೦, ಮಾರಾಟವು ರಾಜ್ಯದ ಒಳಗೇ ನಡೆದುದರಿಂದ ಅದರಲ್ಲಿ ೬೦೦ ಕೇಂದ್ರಕ್ಕೆ, ೬೦೦ ಪಶ್ಚಿಮ ಬಂಗಾಳಕ್ಕೆ. ಆದರೆ ಕೊಳ್ಳುವಾಗ ಕೊಟ್ಟ ೧,೦೦೦ವನ್ನು ಇದರಲ್ಲಿ ಕಳೆಯಲು ಅವನಿಗೆ ಹಕ್ಕುಂಟು. ಸರಕಾರಕ್ಕೆ ಇನ್ನು ಕಟ್ಟಬೇಕಾದದ್ದು ೨೦೦ ಮಾತ್ರ. ಬಂದ ೨೫,೨೦೦ರಲ್ಲಿ ವ್ಯಾಪಾರಿಗೆ ೨೧,೦೦೦, ಸರಕಾರಕ್ಕೆ ೨೦೦ ಹೋದರೆ ಉಳಿಯುವುದು ೪,೦೦೦. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವೂ ಅದೇ. ಅಂಗಡಿಯ ಬಾಡಿಗೆ, ಆಳಿನ ಸಂಬಳ ಮೊದಲಾದವನ್ನು ಇದರಿಂದಲೇ ತೆಗೆಯಬೇಕೆಂಬುದನ್ನು ಸದ್ಯಕ್ಕೆ ಬದಿಗಿಡೋಣ.

ಈ ಲೆಕ್ಕದಲ್ಲಿ ಇಂಗ್ಲಿಷ್ ಎಷ್ಟಿದೆ, ನೀವೇ ಹೇಳಿರಿ. ಯಂತ್ರವು ಕೂಡುವುದನ್ನೂ ಕಳೆಯುವುದನ್ನೂ ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ, ನಿಜ. ಆದರೆ ಯಾವ ಮೊತ್ತವು ಯಾವ ಖಾತೆಗೆ ಸೇರಬೇಕು, ಇದು ಸಮಗ್ರ ತೆರಿಗೆಯೋ ರಾಜ್ಯದ ಒಳಗಿನ ತೆರಿಗೆಯೋ ಎಂಬ ವಿವೇಚನೆಯನ್ನು ಗುಮಾಸ್ತನೇ ಮಾಡಬೇಕು. ಅವನು ಖಾತೆಯನ್ನು ತಪ್ಪಾಗಿ ಹೆಸರಿಸಿದರೆ ಯಂತ್ರವು ಆ ತಪ್ಪನ್ನೇ ಶುದ್ಧವಾಗಿ ಕೂಡಿ ಕೊಡುವುದು. ಆ ವಿವೇಚನೆಯನ್ನು ಕನ್ನಡದಲ್ಲಿ ಕಲಿತರೂ ಬಂಗಾಳಿಯಲ್ಲಿ ಕಲಿತರೂ ಲೆಕ್ಕ ಒಂದೇ. ತೆರೆಯ ಮೇಲಿನ ಇಂಗ್ಲಿಷ್ ಪದಗಳಾದರೋ ಹೆಚ್ಚೆಂದರೆ ನೂರಿನ್ನೂರು. ಸೇಲ್ಸ್, ಪರ್ಚೇಸ್, ರಿಸೀಟ್, ಪೇಮೆಂಟ್, ಲೆಡ್ಜರ್ ಮೊದಲಾದವನ್ನು ಒಂದು ತಿಂಗಳಲ್ಲಿ ರೂಢಿಸಿಕೊಳ್ಳಬಹುದು. ಲೆಕ್ಕದ ತಿಳಿವಳಿಕೆ ಒಂದು ತಿಂಗಳಲ್ಲಿ ಬಾರದು.

ಭಾಷೆಯ ವಿಷಯದಲ್ಲಿ ಸಂಸ್ಥೆಯೂ ಕೈಕಟ್ಟಿ ಕುಳಿತಿರಲಿಲ್ಲ. ೨೦೦೬ರ ಸುಮಾರಿಗೆ ಹೊರಬಂದ ಆವೃತ್ತಿಯಿಂದ ಮೊದಲುಗೊಂಡು ಕನ್ನಡ, ಬಂಗಾಳಿ, ಹಿಂದಿ, ತಮಿಳು ಮೊದಲಾದ ಭಾರತೀಯ ಭಾಷೆಗಳಲ್ಲಿ ಲೆಕ್ಕ ಬರೆಯುವ ಸೌಕರ್ಯವನ್ನು ಟ್ಯಾಲಿ ಕಲ್ಪಿಸಿತು. ಖಾತೆಯನ್ನು ಸಂಖ್ಯೆಯ ಬದಲು ಹೆಸರಿನಿಂದ ಕರೆಯಬಹುದಾದರೆ ಆ ಹೆಸರು ತನ್ನ ಲಿಪಿಯಲ್ಲಿಯೇ ಇರಲೆಂಬುದು ಸಹಜವಾದ ಮುಂದಿನ ಹೆಜ್ಜೆ. ಆದರೂ ನಾವು ಈ ಪೇಟೆಯಲ್ಲಿ ನೋಡಿದ ಅಂಗಡಿಗಳಲ್ಲೆಲ್ಲ ತೆರೆಯ ಮೇಲೆ ಇಂಗ್ಲಿಷೇ ಇತ್ತು. ತೆರಿಗೆಯ ವಿವರಗಳನ್ನು ಸಲ್ಲಿಸುವುದೂ ಲೆಕ್ಕ ಪರಿಶೋಧಕರೊಡನೆ ವ್ಯವಹರಿಸುವುದೂ ಇಂಗ್ಲಿಷಿನಲ್ಲಿಯೇ ನಡೆಯುವಾಗ ವರ್ತಕನೊಬ್ಬನೇ ಬೇರೆ ದಾರಿ ಹಿಡಿಯಲಾರ. ತಂತ್ರಾಂಶವು ಬಾಗಿಲು ತೆರೆದರೂ ಕಚೇರಿ ತೆರೆಯದಿದ್ದರೆ ಒಳಗೆ ಹೋಗುವುದು ಹೇಗೆ?

ಇನ್ನು ಟ್ಯಾಲಿಯ ಪ್ರಸಾರಕ್ಕೆ ಕಾನೂನೂ ಸಹಾಯ ಮಾಡಿತು. ೨೦೦೫ರ ಏಪ್ರಿಲ್ ೧ರಿಂದ ಕರ್ನಾಟಕ, ಪಶ್ಚಿಮ ಬಂಗಾಳ ಮುಂತಾದ ರಾಜ್ಯಗಳಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು. ೨೦೧೭ರ ಜುಲೈ ೧ರಿಂದ ದೇಶಕ್ಕೆಲ್ಲ ಒಂದೇ ಸರಕು ಮತ್ತು ಸೇವಾ ತೆರಿಗೆ ಬಂದಿತು. ತೆರಿಗೆಯ ಪದ್ಧತಿ ಬದಲಾದಾಗಲೆಲ್ಲ ಅದಕ್ಕೆ ಹೊಂದುವ ಆವೃತ್ತಿಯನ್ನು ಸಂಸ್ಥೆಯು ಹೊರತಂದಿತು. ೨೦೦೯ರಲ್ಲಿ ಬಂದ ಆವೃತ್ತಿಯು ಲೆಕ್ಕದೊಡನೆ ದಾಸ್ತಾನು, ಸಂಬಳ ಮೊದಲಾದವನ್ನೂ ಒಟ್ಟಿಗೆ ನೋಡಿಕೊಳ್ಳುವಂತಹುದು. ಗಲ್ಲಿಗಲ್ಲಿಯ ತರಬೇತಿ ಕೇಂದ್ರಗಳಲ್ಲಿ ಟ್ಯಾಲಿ ಕಲಿತು ಸಂಸಾರ ಸಾಗಿಸುತ್ತಿರುವವರು ಅಸಂಖ್ಯಾತರು. ಮೇಲೆ ಹೇಳಿದ ಅಮೆರಿಕದ ಇಂಟ್ಯೂಟ್ ಸಂಸ್ಥೆಯು ತನ್ನ ಕ್ವಿಕ್‌ಬುಕ್ಸ್ ತಂತ್ರಾಂಶದೊಡನೆ ಭಾರತಕ್ಕೆ ಬಂದಿತ್ತಾದರೂ ೨೦೨೩ರಲ್ಲಿ ಇಲ್ಲಿ ಆ ಸೇವೆಯನ್ನು ನಿಲ್ಲಿಸಿತು. ನಮ್ಮ ಟ್ಯಾಲಿಯಾದರೋ ಹೊರದೇಶಗಳಿಗೂ ಹೋಯಿತು. ಬಾಂಗ್ಲಾದೇಶದಲ್ಲಿಯೂ ಕೊಲ್ಲಿ ರಾಜ್ಯಗಳಲ್ಲಿಯೂ ಆಫ್ರಿಕದ ಕೆಲವು ದೇಶಗಳಲ್ಲಿಯೂ ಅದನ್ನು ಬಳಸುತ್ತಾರೆ. ೨೦೧೮ರ ಜನವರಿ ೧ರಂದು ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸೌದಿ ಅರೇಬಿಯದಲ್ಲಿಯೂ ನೂರಕ್ಕೆ ೫ರ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಟ್ಯಾಲಿಯು ಅಲ್ಲಿಯ ತೆರಿಗೆಗೆ ಹೊಂದುವ ಲೆಕ್ಕವನ್ನೂ ಒದಗಿಸಿತು. ಕಾಸರಗೋಡು, ಮಂಗಳೂರು, ಭಟ್ಕಳಗಳಿಂದ ಅಲ್ಲಿಗೆ ಹೋದವರಲ್ಲಿ ಅಂಗಡಿ ಇಟ್ಟವರೂ ಇದ್ದಾರೆ, ಲೆಕ್ಕ ಬರೆಯುವವರೂ ಇದ್ದಾರೆ. ಇಪ್ಪತ್ತು ಲಕ್ಷಕ್ಕೂ ಮಿಕ್ಕ ಉದ್ಯಮಗಳು ತನ್ನ ತಂತ್ರಾಂಶವನ್ನು ಬಳಸುತ್ತಿವೆಯೆಂದು ಸಂಸ್ಥೆಯ ಹೇಳಿಕೆ. ಹಣ ಕೊಡದೆ ನಕಲು ಮಾಡಿಕೊಂಡು ಬಳಸುವವರನ್ನು ಇದರಲ್ಲಿ ಸೇರಿಸಿಲ್ಲ! ಲೆಕ್ಕವನ್ನು ಶುದ್ಧವಾಗಿ ಇಡುವ ಸಾಧನವನ್ನೇ ಅಶುದ್ಧ ಮಾರ್ಗದಿಂದ ಪಡೆಯುವುದು ವಿಚಿತ್ರವಾದ ನಡತೆ.

ಹೊಗಳಿಕೆಯ ಜೊತೆಗೆ ಒಂದು ಕುಂದನ್ನೂ ಹೇಳಬೇಕು. ಕಾಗದದ ಕಿರ್ದಿಯಲ್ಲಿ ಬರೆದುದನ್ನು ಅಳಿಸಕೂಡದೆಂಬುದು ಹಳೆಯ ನಿಯಮ. ತಪ್ಪಾದರೆ ಗೀಟೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ರುಜು ಹಾಕಬೇಕು. ಹಳೆಯ ಅಂಕಿ ಗೀಟಿನ ಕೆಳಗೆ ಕಾಣುತ್ತಲೇ ಇರಬೇಕು. ಟ್ಯಾಲಿಯಲ್ಲಿ ಬಹುಕಾಲ ಹಾಗಿರಲಿಲ್ಲ. ಹಿಂದಿನ ತಿಂಗಳ ನಮೂದನ್ನು ತಿದ್ದಿದರೂ ಅಳಿಸಿದರೂ ಸಾಮಾನ್ಯವಾಗಿ ಅದರ ಗುರುತು ಉಳಿಯುತ್ತಿರಲಿಲ್ಲ. ಬಳಸುವವನಿಗೆ ಇದು ಸೌಕರ್ಯವೇ ಹೌದು; ಆದರೆ ಮೋಸ ಮಾಡಬೇಕೆನ್ನುವವನಿಗೂ ಅದೇ ಸೌಕರ್ಯ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ಅದರ ದಿನಾಂಕದೊಡನೆ ದಾಖಲಿಸಲೇಬೇಕೆಂಬ ಸರಕಾರದ ನಿಯಮವು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ತಿದ್ದುಪಡಿಗಳನ್ನು ದಾಖಲಿಸುವ ಆವೃತ್ತಿಯನ್ನು ಟ್ಯಾಲಿಯೂ ಹೊರತಂದಿತು. ಶಾನುಭೋಗರು ಮಸಿಯಲ್ಲಿ ಪಾಲಿಸುತ್ತಿದ್ದ ನಿಯಮವು ಯಂತ್ರಕ್ಕೆ ತಲುಪಲು ಇಷ್ಟು ಕಾಲ ಹಿಡಿಯಬೇಕಾಗಿರಲಿಲ್ಲವೆಂದು ನಮಗೆ ತೋರುತ್ತದೆ.

ಭರತ ಗೋಯೆಂಕಾರಿಗೆ ಭಾರತ ಸರಕಾರವು ೨೦೨೦ರಲ್ಲಿ ವಾಣಿಜ್ಯ ಮತ್ತು ಉದ್ಯಮ ಕ್ಷೇತ್ರದ ಸೇವೆಗಾಗಿ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಅದೇ ವರ್ಷದ ನವೆಂಬರಿನಲ್ಲಿ ಟ್ಯಾಲಿಪ್ರೈಮ್ ಎಂಬ ಹೊಸ ಆವೃತ್ತಿ ಹೊರಬಂದಾಗ ಮನೆತನದ ಮೂರನೆಯ ತಲೆಮಾರಿನವರಾದ ತೇಜಸ್ ಗೋಯೆಂಕಾರು ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. ತಂದೆ ಕೇಳಿದ್ದನ್ನು ಮಗ ಮಾಡಿದನು. ಅದನ್ನು ಮೊಮ್ಮಗನು ಮುಂದುವರಿಸಿದನು. ಅಂಗಡಿಯ ಮನೆತನಗಳಲ್ಲಿ ನಡೆದುಬಂದ ರೀತಿಯೇ ಇದು.

ಪಾಠವೆಂದ ಮೇಲೆ ಅಭ್ಯಾಸವಿರಬೇಕಷ್ಟೆ. ಗಣಕವಿಲ್ಲದೆ, ಕಾಗದದ ಮೇಲೆ, ಕನ್ನಡದಲ್ಲಿಯೇ ಈ ಲೆಕ್ಕವನ್ನು ಬರೆದು ತನ್ನಿರಿ. ಅದೇ ವರ್ತಕನು ಇನ್ನೊಮ್ಮೆ ಚಿಕ್ಕಮಗಳೂರಿನಿಂದ ೫೦ ಕಿಲೋ ಕಾಫಿಪುಡಿಯನ್ನು ಕಿಲೋಗೆ ೪೮೦ ರೂಪಾಯಿಯಂತೆ ಸಾಲವಾಗಿ ತರಿಸಿದನು. ಅದರಲ್ಲಿ ೩೦ ಕಿಲೋವನ್ನು ಈ ನಗರದಲ್ಲಿಯೇ ಕಿಲೋಗೆ ೬೦೦ರಂತೆ ನಗದಿಗೆ ಮಾರಿದನು. ತೆರಿಗೆ ಎರಡು ಕಡೆಯೂ ನೂರಕ್ಕೆ ೫. ಅವನು ಈ ತಿಂಗಳು ಸರಕಾರಕ್ಕೆ ಏನಾದರೂ ಕಟ್ಟಬೇಕೆ, ಅಥವಾ ಅವನಿಗೇ ಬಾಕಿ ಉಳಿಯುವುದೆ? ಉಳಿದ ೨೦ ಕಿಲೋವಿನ ಕೊಂಡ ಬೆಲೆ ಎಷ್ಟು? ಮೊದಲು ರೋಜು ಕಿರ್ದಿಯಲ್ಲಿ ನಮೂದುಗಳನ್ನು ಬರೆಯಿರಿ. ಬಳಿಕ ಖರೀದಿ, ಮಾರಾಟ, ನಗದು, ವ್ಯಾಪಾರಿ, ಕೊಟ್ಟ ತೆರಿಗೆ, ಪಡೆದ ತೆರಿಗೆ ಎಂಬ ಆರು ಖಾತೆಗಳಿಗೆ ಅವನ್ನು ಹಂಚಿ ತಾಳೆ ಪಟ್ಟಿಯನ್ನು ಮಾಡಿರಿ. ಕೊಟ್ಟ ತೆರಿಗೆಯನ್ನು ಪಡೆದ ತೆರಿಗೆಯಲ್ಲಿ ಕಳೆಯುವ ಮೊದಲೇ ಪಟ್ಟಿ ಮಾಡಬೇಕು. ಎರಡು ಬದಿಗಳಲ್ಲಿಯೂ ೪೪,೧೦೦ ರೂಪಾಯಿ ಬರಬೇಕು. ಬಾರದಿದ್ದರೆ ರಬ್ಬರಿನಿಂದ ಅಳಿಸದೆ, ಗೀಟೆಳೆದು ತಿದ್ದಿರಿ.